ಬಣ್ಣ ಬೆರೆತರೆ ಗೋಡೆಯೇ ಇಲ್ಲ

ನೀಲಿ ಗೋಡೆಯ ಮುಂದೆ ನೀಲಿ ಪೆಟ್ಟಿಗೆ ಇಟ್ಟರೆ ಚಟ್ಟನೆ ಕಣ್ಣಿಗೆ ಬೀಳುವುದಿಲ್ಲ. 2016ರಲ್ಲಿ ಬಂದ ‘ಹ್ಯೂ’ ಎಂಬ ವಿಡಿಯೊ ಗೇಮ್ ಇಷ್ಟನ್ನೇ ಹಿಡಿದು ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಕಾಣದ್ದು ಅಲ್ಲಿ ಇಲ್ಲವೇ ಇಲ್ಲ! ಬೂದು ಲೋಕದ ಹುಡುಗನೊಬ್ಬ ಕಾಣೆಯಾದ ತಾಯಿಯನ್ನು ಹುಡುಕಿ ಹೊರಡುತ್ತಾನೆ. ದಾರಿಯಲ್ಲಿ ಒಂದೊಂದೇ ಬಣ್ಣ ಸಿಗುತ್ತದೆ, ಒಟ್ಟು 8. ಹಿನ್ನೆಲೆಯನ್ನು ಕೆಂಪಾಗಿಸಿದರೆ ಕೆಂಪು ಬಂಡೆ ಮಾಯವಾಗಿ ದಾರಿ ಬಿಡುತ್ತದೆ. ಕಾಲ ಕೆಳಗಿನ ಕೆಂಪು ಹಲಗೆಯೂ ಮಾಯ, ಧೊಪ್ಪೆಂದು ಬೀಳುತ್ತೀರಿ. ಬಣ್ಣದ ಚಕ್ರ ತಿರುಗಿಸುವಾಗ ಕಾಲವೇ ನಿಧಾನವಾಗುವುದು ದೊಡ್ಡ ಉಪಕಾರ. ಜಿಗಿದು ಗಾಳಿಯಲ್ಲಿದ್ದಾಗಲೂ ಯೋಚಿಸಬಹುದು.

ನನಗೆ ಹೆಚ್ಚು ಹಿಡಿಸಿದ್ದು ಬೇರೆಯೇ. ಬಣ್ಣ ಗುರುತಿಸಲಾಗದವರಿಗಾಗಿ ಪ್ರತಿ ಬಣ್ಣಕ್ಕೂ ಒಂದು ಚಿಹ್ನೆ ಹಾಕಿಕೊಳ್ಳುವ ಅನುಕೂಲ ಇಟ್ಟಿದ್ದಾರೆ. ಬಣ್ಣವೇ ಬಂಡವಾಳವಾದ ಆಟದಲ್ಲಿ ಈ ಕಾಳಜಿ!

ಕೊರತೆ ಇಲ್ಲವೆಂದಲ್ಲ. ತಾಯಿಯ ಪತ್ರಗಳನ್ನು ಓದಿ ಹೇಳುವ ದನಿ ಕೇಳುತ್ತ ಖಾಲಿ ಓಣಿಗಳಲ್ಲಿ ಸುಮ್ಮನೆ ನಡೆಯಬೇಕು; ತುಸು ಉಪದೇಶದ ವಾಸನೆ. ಕೆಲವು ಕೋಣೆಗಳಲ್ಲಂತೂ ಒಗಟಿಗಿಂತ ಬೆರಳಿನ ಚುರುಕೇ ಮುಖ್ಯ. ಉತ್ತರ ಗೊತ್ತಿದ್ದೂ ಹತ್ತಾರು ಸಲ ಬಿದ್ದೆ. ಕೊನೆಗೆ ಮಗಳು ನನ್ನ ಕೈಯಿಂದ ಕಂಟ್ರೋಲರ್ ಕಸಿದುಕೊಂಡು ಒಂದೇ ಏಟಿಗೆ ದಾಟಿಸಿಬಿಟ್ಟಳು.