ಜನ ಕಾಯೋದಕ್ಕೆ ಜಾಗ ಎಲ್ಲಿ?

ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿರೋ ಕನ್ನಡಿಗರಿಗೆಲ್ಲ ಸ್ವಾಗತ. ಇವತ್ತಿನ ವಿಷಯ, ದೊಡ್ಡ ಜನಸಂದಣಿಯ ಸಂಚಾರ ವ್ಯವಸ್ಥೆ. ನಾನು ಟ್ರಾಫಿಕ್ ತಜ್ಞ ಅಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಆದರೆ ಸರ್ವರ್ ಮೇಲೆ ಒಮ್ಮೆಲೇ ಲೋಡ್ ಬಿದ್ದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು.

2025ರ ಎರಡು ದಿನ ನೋಡೋಣ. ಜನವರಿ 26, ಕರ್ತವ್ಯ ಪಥದಲ್ಲಿ ಗಣರಾಜ್ಯೋತ್ಸವದ ಪೆರೇಡ್. ಮೆಟ್ರೊ ನಸುಕಿನ 3 ಗಂಟೆಗೇ ಶುರುವಾಯಿತು. ಯಾರು ಯಾವ ಕಡೆ ಕೂರಬೇಕು ಅನ್ನೋದು ಪಾಸ್‌ ಮೇಲೆಯೇ ಇರುತ್ತೆ. ಎಷ್ಟು ಜನ ಬರ್ತಾರೆ ಅಂತ ಮೊದಲೇ ಲೆಕ್ಕ ಸಿಗುತ್ತೆ.

ಇಪ್ಪತ್ತು ದಿನ ಕಳೆದು ಫೆಬ್ರವರಿ 15ರ ರಾತ್ರಿ. ಸೆಂಟ್ರಲ್ ಸೆಕ್ರೆಟೇರಿಯಟ್‌ನಿಂದ ಹಳದಿ ಮೆಟ್ರೊದಲ್ಲಿ ಮೂರನೇ ಸ್ಟಾಪ್, ನವದೆಹಲಿ ರೈಲು ನಿಲ್ದಾಣ. ಕುಂಭಮೇಳಕ್ಕೆ ಹೊರಟವರ ನೂಕುನುಗ್ಗಲಲ್ಲಿ 18 ಜನ ಪ್ರಾಣ ಕಳೆದುಕೊಂಡರು. ಮೆಟ್ಟಿಲ ಮೇಲೆ ತಲೆಹೊರೆ ಬಿದ್ದು ಜನ ಎಡವಿದರು ಅಂತ ರೈಲ್ವೆ ಸಚಿವರು ಸಂಸತ್ತಿಗೆ ಉತ್ತರ ಕೊಟ್ಟರು. ಒಂದು ಗಂಟು ಬಿದ್ದರೆ ಇಷ್ಟು ಜನ ಸಾಯುವಷ್ಟು ದಟ್ಟಣೆ ಆ ಮೆಟ್ಟಿಲ ಮೇಲೆ ಸೇರಿದ್ದು ಹೇಗೆ? ನನ್ನ ಪ್ರಶ್ನೆ ಅದು.

ಒಂದು ಚದರ ಮೀಟರಿನಲ್ಲಿ ಐದಾರು ಜನಕ್ಕಿಂತ ಹೆಚ್ಚಾದರೆ ನಮ್ಮ ಕಾಲು ನಮ್ಮ ಮಾತು ಕೇಳಲ್ಲ, ಗುಂಪು ತಳ್ಳಿದ ಕಡೆ ಹೋಗ್ತೀವಿ. ಮುಂದೆ ಯಾರೋ ಬಿದ್ದಿದ್ದು ಹಿಂದಿನವರಿಗೆ ಕಾಣಲ್ಲ, ಅವರು ತಳ್ಳುತ್ತಲೇ ಇರ್ತಾರೆ. ಆ ಹೊತ್ತಿಗೆ ಮೆಟ್ಟಿಲ ಹತ್ತಿರ ಪೊಲೀಸರು ನಿಂತರೂ ಪ್ರಯೋಜನ ಕಮ್ಮಿ. ತಡೆಯೋದು ತುಂಬ ಹಿಂದೆಯೇ ಆಗಬೇಕು. ರೈಲಿಗೆ ಹಿಡಿಸುವಷ್ಟೇ ಟಿಕೆಟ್, ಹೊರಗೆ ಕಾಯೋಕೆ ವಿಶಾಲ ಜಾಗ, ರೈಲು ಬಂದ ಮೇಲೆ ಸ್ವಲ್ಪ ಸ್ವಲ್ಪ ಜನರನ್ನ ಒಳಗೆ ಬಿಡೋದು. ನಮ್ಮ ಭಾಷೇಲಿ ಹೇಳೋದಾದರೆ ಕ್ಯೂ ಮತ್ತು ರೇಟ್ ಲಿಮಿಟ್. ಈ ದುರಂತದ ನಂತರ 73 ನಿಲ್ದಾಣಗಳಲ್ಲಿ ಇಂಥ ಕಾಯುವ ಜಾಗ ಮಾಡೋಕೆ ರೈಲ್ವೆ ನಿರ್ಧರಿಸಿತು.

ಜೂನ್ 4ರಂದು ನಮ್ಮ ಬೆಂಗಳೂರಿನ ಸರದಿ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸೋದು ಸುಮಾರು 35,000 ಜನ, ಬಂದವರು 2 ಲಕ್ಷಕ್ಕೂ ಹೆಚ್ಚು ಅಂತ ಅಂದಾಜು. 11 ಜನ ಹೋದರು. ಕಬ್ಬನ್ ಪಾರ್ಕ್, ವಿಧಾನಸೌಧದಲ್ಲಿ ಮೆಟ್ರೊ ನಿಲ್ಲಿಸೋದನ್ನ ಬಂದ್ ಮಾಡಿದರು ನಿಜ, ಆದರೆ ಜನ ಬಂದು ತುಂಬಿದ ಮೇಲೆ.

ನಾವು ಊರಿಗೆ ಹತ್ತೋ ಕರ್ನಾಟಕ ಎಕ್ಸ್‌ಪ್ರೆಸ್ ಹೊರಡೋದೂ ಅದೇ ನವದೆಹಲಿ ನಿಲ್ದಾಣದಿಂದ, ರಾತ್ರಿ ಹೊತ್ತಲ್ಲೇ. ಹಬ್ಬದ ಸಮಯದಲ್ಲಿ ಬೇಗ ಹೋಗಿ, ಲಗೇಜ್ ಕಮ್ಮಿ ಇಟ್ಟುಕೊಳ್ಳಿ, ಮೆಟ್ಟಿಲ ಮೇಲೆ ಮಾತ್ರ ನಿಂತು ಕಾಯಬೇಡಿ. ನಿಮ್ಮ ಸೊಸೈಟಿಯಲ್ಲಿ ಗಣೇಶೋತ್ಸವ, ರಾಜ್ಯೋತ್ಸವ ಮಾಡ್ತೀರಲ್ಲ, ಪೆಂಡಾಲ್‌ನವರಿಗೆ ಮುಂಗಡ ಕೊಡೋ ಮೊದಲು ಹೊರಗೆ ಹೋಗೋ ದಾರಿ ಎಷ್ಟಿವೆ ಅಂತ ಎಣಿಸಿ. ಎಷ್ಟಿದ್ದವು ಅಂತ ಕಾಮೆಂಟ್‌ನಲ್ಲಿ ತಿಳಿಸಿ.