ಕಲಿತವರ ‘ನಾವು’ ಮತ್ತು ‘ಅವರು’



ಓದು ಹೆಚ್ಚಿದಂತೆ ಮನುಷ್ಯನ ಮನಸ್ಸು ವಿಶಾಲವಾಗುತ್ತದೆ ಎಂಬುದು ನಮ್ಮಲ್ಲಿ ಬಹುಮಂದಿಯ ನಂಬಿಕೆ. ಜನ ಎರಡು ಪಾಳಯವಾಗಿ ನಿಂತಾಗ ವಿದ್ವಾಂಸರಾದರೂ ಸಮಚಿತ್ತದಿಂದ ಮಾತನಾಡುತ್ತಾರೆ ಎಂದು ಎದುರುನೋಡುತ್ತೇವೆ. ಈ ನಂಬಿಕೆಯನ್ನು ಒರೆಗೆ ಹಚ್ಚುವ ಪ್ರಸಂಗವೊಂದು ಚರಿತ್ರೆಯಲ್ಲಿದೆ.

1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂ ದೇಶವನ್ನು ಹೊಕ್ಕಿತು. ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯ ಲಕ್ಷಾಂತರ ಪುಸ್ತಕಗಳೊಡನೆ ಬೂದಿಯಾಯಿತು. ಅಕ್ಟೋಬರ್ 4ರಂದು ಜರ್ಮನಿಯ 93 ಮಂದಿ ವಿದ್ವಾಂಸರು, ಕಲಾವಿದರು ಸಹಿ ಹಾಕಿದ ಹೇಳಿಕೆ ಹೊರಬಿತ್ತು. ಎಕ್ಸ್-ಕಿರಣಗಳನ್ನು ಕಂಡುಹಿಡಿದ ರಾಂಟ್‌ಜೆನ್, ಕ್ವಾಂಟಂ ಸಿದ್ಧಾಂತದ ಮ್ಯಾಕ್ಸ್ ಪ್ಲಾಂಕ್, ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿದ ಫ್ರಿಟ್ಜ್ ಹೇಬರ್, ಎಲ್ಲರೂ ಅದರಲ್ಲಿದ್ದರು. ಸೈನ್ಯದ ಮೇಲಿನ ಆರೋಪಗಳನ್ನು ಅದು ಒಂದೊಂದಾಗಿ ಸುಳ್ಳೆಂದು ತಳ್ಳಿಹಾಕಿತು. ಒಂದು ಅಳತೆಯನ್ನು ಹತ್ತು ಸಲ ಪರೀಕ್ಷಿಸದೆ ಒಪ್ಪದವರು, ತಾವು ಕಣ್ಣಾರೆ ಕಾಣದ ಊರಿನ ಬಗ್ಗೆ ತೀರ್ಪು ಕೊಟ್ಟಿದ್ದರು. ಕೆಲವರಂತೂ ಹೇಳಿಕೆಯನ್ನು ಓದದೆಯೇ ಹೆಸರು ಕೊಟ್ಟಿದ್ದರು! ಇದಕ್ಕೆ ವಿರುದ್ಧವಾಗಿ ನಿಕೊಲಾಯ್ ಎಂಬ ವೈದ್ಯರು ಯುರೋಪಿನ ಐಕ್ಯಕ್ಕಾಗಿ ಬರೆದ ಮನವಿಗೆ ಐನ್‌ಸ್ಟೈನ್ ಅವರೂ ಸೇರಿ ಸಿಕ್ಕಿದ ಸಹಿ ನಾಲ್ಕೇ ನಾಲ್ಕು.

ಬುದ್ಧಿಗೆ ಏನಾಯಿತು? ಇಲ್ಲಿ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ಅವರ ಪ್ರಯೋಗವನ್ನು ನೆನೆಯಬಹುದು. 1970ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಬ್ರಿಸ್ಟಲ್‌ನ ಶಾಲಾ ಹುಡುಗರಿಗೆ ತೆರೆಯ ಮೇಲೆ ಚುಕ್ಕೆಗಳನ್ನು ತೋರಿಸಿ, ಎಷ್ಟಿವೆ ಎಂದು ಊಹಿಸಲು ಹೇಳಿದರು. ಬಳಿಕ ‘ಹೆಚ್ಚು ಊಹಿಸಿದವರು’, ‘ಕಡಿಮೆ ಊಹಿಸಿದವರು’ ಎಂದು ಗುಂಪು ಮಾಡಿದರು. ನಿಜವಾಗಿ ಮನಬಂದಂತೆ ವಿಂಗಡಿಸಿದ್ದರು. ಇತರರಿಗೆ ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನ ಕಡೆಗೇ ವಾಲಿದರು. ಮುಂದಿನ ಪ್ರಯೋಗದಲ್ಲಿ ಇನ್ನೂ ವಿಚಿತ್ರವಾದುದು ಕಂಡಿತು: ತಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಚಿಂತೆಯಿಲ್ಲ, ಎದುರು ಗುಂಪಿಗಿಂತ ಹೆಚ್ಚಿರಬೇಕು! ಜಗಳವಿಲ್ಲ, ಪರಿಚಯವಿಲ್ಲ, ಸ್ವಂತಕ್ಕೆ ಲಾಭವೂ ಇಲ್ಲ. ಬರೀ ಹೆಸರಿನ ಗುಂಪು ಸಾಕಾಯಿತು.

ವಿದ್ವಾಂಸರಲ್ಲಿಯೂ ಈ ಹುಡುಗ ಇದ್ದೇ ಇರುತ್ತಾನೆ. ವ್ಯತ್ಯಾಸವಿಷ್ಟೆ: ಜನಸಾಮಾನ್ಯ ‘ಅವರು ನಮ್ಮವರಲ್ಲ’ ಎಂದು ನೇರವಾಗಿ ಅನ್ನುತ್ತಾನೆ, ವಿದ್ವಾಂಸ ಅದಕ್ಕೊಂದು ಸಿದ್ಧಾಂತ ಕಟ್ಟುತ್ತಾನೆ. ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ದ್ಯುಹೆಮ್ 1915ರಲ್ಲಿ, ಜರ್ಮನರ ಬುದ್ಧಿಗೆ ತರ್ಕವಿದೆ, ಸೂಕ್ಷ್ಮ ಒಳನೋಟ ಸಾಲದು ಎಂದು ಉಪನ್ಯಾಸಗಳಲ್ಲಿ ವಾದಿಸಿದರು. (ನಮ್ಮ ಚರ್ಚಾ ಕಾರ್ಯಕ್ರಮಗಳಿಗೆ ಕರೆದಾಗಲೂ ಹಲವರ ಮೊದಲ ಪ್ರಶ್ನೆ, ವಿಷಯವೇನು ಎಂದಲ್ಲ, ಇನ್ನು ಯಾರು ಬರುತ್ತಾರೆ ಎಂದು.)

ಯುದ್ಧ ಮುಗಿದರೂ ಇದು ಮುಗಿಯಲಿಲ್ಲ. 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಶೋಧನಾ ಮಂಡಳಿ ಜರ್ಮನಿಯನ್ನು ಹೊರಗಿಟ್ಟಿತು. ಆ ಹೇಳಿಕೆಗೆ ಸಹಿ ಹಾಕಲು ನಿರಾಕರಿಸಿದ್ದ ಗಣಿತಜ್ಞ ಹಿಲ್ಬರ್ಟ್ ಅವರಿಗೂ 1920ರ ಮತ್ತು 1924ರ ಗಣಿತ ಸಮ್ಮೇಳನಗಳಲ್ಲಿ ಜಾಗವಿರಲಿಲ್ಲ. ಒಬ್ಬ ವ್ಯಕ್ತಿ ಏನು ಮಾಡಿದ ಎಂಬುದನ್ನು ಯಾರೂ ನೋಡಲಿಲ್ಲ. ಯಾರ ಪೈಕಿ ಎಂಬುದೇ ಮುಖ್ಯವಾಯಿತು. ನಮ್ಮ ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ ಈ ಬಹಿಷ್ಕಾರವನ್ನು ವಿರೋಧಿಸಿದರು. 1924ರ ಸಾಲ್ವೆ ಸಮ್ಮೇಳನಕ್ಕೆ, ಜರ್ಮನರನ್ನು ದೂರವಿಟ್ಟ ಕಾರಣಕ್ಕೆ, ಐನ್‌ಸ್ಟೈನ್ ಹೋಗಲಿಲ್ಲ. ಇಂಥವರು ಕೆಲವರೇ.

ನಿಷೇಧ 1926ರಲ್ಲಿ ತೆರವಾಯಿತು. 1928ರಲ್ಲಿ ಇಟಲಿಯ ಬೊಲೋನ್ಯದಲ್ಲಿ ನಡೆದ ಸಮ್ಮೇಳನಕ್ಕೆ ಹಿಲ್ಬರ್ಟ್ ತಮ್ಮ ದೇಶದವರನ್ನು ಕರೆದೊಯ್ದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆದರೆ ಅದಕ್ಕೆ ಹೋಗಕೂಡದೆಂದು ಪತ್ರಗಳನ್ನು ಬರೆದವರು ಜರ್ಮನಿಯಲ್ಲೇ ಇದ್ದರು: ಬರ್ಲಿನ್ನಿನ ಗಣಿತಜ್ಞ ಬೀಬರ್‌ಬಾಖ್. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಅವರೇ, ಜರ್ಮನರ ಗಣಿತದ ರೀತಿ ಬೇರೆ, ಯಹೂದಿಗಳ ರೀತಿ ಬೇರೆ ಎಂದು ವಾದ ಹೂಡಿದರು. 1936ರಲ್ಲಿ ‘ಡಾಯ್ಚೆ ಮಾಥೆಮಾಟಿಕ್’ ಎಂಬ ಪತ್ರಿಕೆಯನ್ನೂ ಹೊರಡಿಸಿದರು.