ಖಾಯಂ ಕೆಲಸವೆಂದರೆ ದಿನದ ಕೂಲಿಯೊಂದೇ ಅಲ್ಲ

(ಬಸರೀಕಟ್ಟೆಯಲ್ಲಿ ತೋಟ ಮತ್ತು ಗಿರಣಿ ಕೆಲಸಗಾರರೂ ಅಂಗಡಿಕಾರರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



“ಖಾಯಂ ಪಟ್ಟಿಯಲ್ಲಿ ಯಾಕಿರ್ತೀಯ ಮಾರಾಯ? ಹೊರಗಿನ ಆಳಾಗಿ ಬಾ. ದಿನಕ್ಕೆ ಐವತ್ತು ರೂಪಾಯಿ ಜಾಸ್ತಿ, ಸಂಜೆಗೇ ನಗದು, ಫಂಡಿಗೆ ಹಿಡಿಯುವುದೂ ಇಲ್ಲ.” ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಇಂಥ ಮಾತನ್ನು ಕೇಳದವರು ಯಾರು? ಕೇಳುವುದಕ್ಕೆ ಸಿಹಿಯಾಗಿದೆ. ಆದರೆ ಒಪ್ಪುವ ಮೊದಲು ನಾವು ಲೆಕ್ಕ ಹಾಕೋಣ.

ತಿಂಗಳಿಗೆ 26 ದಿನ, ದಿನಕ್ಕೆ 500 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳ ಕೂಲಿ 13,000. ಭವಿಷ್ಯನಿಧಿಗೆ ನಮ್ಮಿಂದ ಹಿಡಿಯುವುದು ನೂರಕ್ಕೆ 12. ಅಷ್ಟನ್ನೇ ಧಣಿಯೂ ತನ್ನ ಕೈಯಿಂದ ಹಾಕತಕ್ಕದ್ದು. ಅದು ದಿನಕ್ಕೆ 60 ರೂಪಾಯಿ. ಐವತ್ತು ಕೊಡುತ್ತೇನೆಂದವನು ಅರವತ್ತನ್ನು ಉಳಿಸಿಕೊಂಡ! ಇದು ಮೊದಲನೆಯ ಬಾಬು ಮಾತ್ರ.

ಎರಡನೆಯದು ಗ್ರಾಚ್ಯುಯಿಟಿ. ಐದು ವರ್ಷ ಸತತವಾಗಿ ದುಡಿದವನಿಗೆ, ಬಿಡುವಾಗ ಅಥವಾ ನಿವೃತ್ತನಾಗುವಾಗ, ದುಡಿದ ಒಂದೊಂದು ವರ್ಷಕ್ಕೂ 15 ದಿನದ ಕೂಲಿ ಸಲ್ಲಬೇಕು. ಅದೂ ಕೊನೆಯಲ್ಲಿ ಪಡೆಯುತ್ತಿದ್ದ ಕೂಲಿಯ ದರದಲ್ಲಿ. ನಮ್ಮ ಲೆಕ್ಕದಂತೆ ವರ್ಷಕ್ಕೆ 7,500. ಇಪ್ಪತ್ತು ವರ್ಷಕ್ಕೆ ಒಂದೂವರೆ ಲಕ್ಷ. ಮುದಿತನದಲ್ಲಿ ತೋಟದ ಲೈನು ಮನೆ ಬಿಟ್ಟು ಹೊರಡುವವನಿಗೆ ಈ ಗಂಟು ಇದ್ದರೊಂದು ಬಾಳು, ಇಲ್ಲದಿದ್ದರೊಂದು ಬಾಳು.

ಮೂರನೆಯದು ಸಂಬಳದ ರಜೆ. ಇಪ್ಪತ್ತು ದಿನ ದುಡಿದರೆ ಒಂದು ದಿನ. ವರ್ಷಕ್ಕೆ 300 ದಿನ ದುಡಿದವನಿಗೆ 15 ದಿನ, ಅಂದರೆ ಮತ್ತೆ 7,500. ಈ ಮೂರನ್ನೂ ಕೂಡಿಸಿ ದುಡಿದ ದಿನಗಳಿಗೆ ಹಂಚಿದರೆ ದಿನಕ್ಕೆ 110 ರೂಪಾಯಿ. ವರ್ಷದ ಬೋನಸ್ಸನ್ನು ನಾವು ಇನ್ನೂ ಇದಕ್ಕೆ ಸೇರಿಸಿಲ್ಲ. ಹೆಂಗಸರಿಗೆ ಸಲ್ಲುವ 26 ವಾರದ ಹೆರಿಗೆ ರಜೆಯನ್ನೂ ಸೇರಿಸಿಲ್ಲ. ಭವಿಷ್ಯನಿಧಿಯ ಸದಸ್ಯ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ ವಿಮೆಯ ಹಣವುಂಟು. ಹತ್ತು ವರ್ಷ ಸೇವೆಯಾದವನಿಗೆ 58ನೆಯ ವಯಸ್ಸಿನಿಂದ ಪಿಂಚಣಿಯುಂಟು.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಎದ್ದು ನಿಂತದ್ದು ಯಾತಕ್ಕೆ? ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಅಳತೆ ಮೋಸವಾದರೆ ದುಡಿಮೆಯೇ ಮೋಸವಾದಂತೆ ಎಂಬುದು ಆ ರೈತರಿಗೆ ತಿಳಿದಿತ್ತು. ಇಂದು ನಮ್ಮ ಮುಂದಿರುವುದೂ ಅಳತೆಯ ಪ್ರಶ್ನೆಯೇ. ಸಂಜೆ ಕೈಗೆ ಬಂದ ನೋಟನ್ನಷ್ಟೇ ಕೂಲಿಯೆಂದು ಅಳೆದರೆ ಕೊಳಗ ಧಣಿಯ ಕೈಯಲ್ಲಿ ಉಳಿಯುತ್ತದೆ.

ಈ ಹಕ್ಕುಗಳು ಯಾರ ದಾನವೂ ಅಲ್ಲ. ಹಿಂದೆ ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಮುಂಗಡಕ್ಕೆ ಕಟ್ಟುಬಿದ್ದು ಕಾಫಿ ತೋಟಕ್ಕೆ ಬಂದವನಿಗೆ ಜ್ವರ ಬಂದರೆ ಕೂಲಿಯೂ ಇರಲಿಲ್ಲ, ಔಷಧಿಯೂ ಇರಲಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ, 1952ರ ಭವಿಷ್ಯನಿಧಿ ಕಾಯಿದೆ, 1965ರ ಬೋನಸ್ ಕಾಯಿದೆ, 1972ರ ಗ್ರಾಚ್ಯುಯಿಟಿ ಕಾಯಿದೆ ಒಂದೊಂದಾಗಿ ಬಂದವು. ಇವೂ ಸೇರಿ 29 ಕಾಯಿದೆಗಳ ಜಾಗದಲ್ಲಿ 2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಟೀಕಿಸಬೇಕಾದದ್ದು ಬೇಕಾದಷ್ಟಿದೆ; ಅದನ್ನು ಇನ್ನೊಂದು ದಿನ ಮಾತಾಡೋಣ. ಆದರೆ ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡತಕ್ಕದ್ದೆಂದು ಅವುಗಳಲ್ಲಿದೆ. ಗೊತ್ತಾದ ಅವಧಿಗೆಂದು ನೇಮಕವಾದವನಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ಎಂದೂ ಇದೆ. ಇವನ್ನು ನಾವು ಕೇಳಿ ಪಡೆಯಬೇಕು.

“ನಾವು ದಿನಗೂಲಿಗಳು, ನಮಗೆಲ್ಲಿಯ ಫಂಡು?” ಎನ್ನುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಭವಿಷ್ಯನಿಧಿಗೆ ಒಳಪಟ್ಟ ತೋಟದಲ್ಲಾಗಲಿ ಗಿರಣಿಯಲ್ಲಾಗಲಿ, ದಿನಗೂಲಿಯವನೂ ಗುತ್ತಿಗೆಯವನೂ ಅದಕ್ಕೆ ಬಾಧ್ಯರೇ. ಹಾಗೆಯೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಗ್ರಾಚ್ಯುಯಿಟಿಗೆ ಅದು ಒಂದು ವರ್ಷದ ಸತತ ಸೇವೆ. ಎಂಟನೆಯ ತಿಂಗಳಿಗೆ ಹೆಸರು ಹೊಡೆದು, ಹದಿನೈದು ದಿನ ಬಿಟ್ಟು ಮತ್ತೆ ಬರೆದುಕೊಳ್ಳುವ ಜಾಣತನ ಯಾತಕ್ಕೆಂದು ಈಗ ತಿಳಿಯಿತಷ್ಟೆ.

ಅಂಗಡಿಕಾರ ಮಿತ್ರರಿಗೂ ಒಂದು ಮಾತು. ಆಷಾಢದ ಮಳೆಯಲ್ಲಿ ಕೆಲಸ ನಿಂತಾಗ ನಿಮ್ಮ ಕಡದ ಪುಸ್ತಕ ಬೆಳೆಯುತ್ತದೆ. ಅಕ್ಕಿ, ಎಣ್ಣೆ, ಬೆಲ್ಲ ಎಲ್ಲವೂ ಸಾಲ. ಸಂಬಳದ ರಜೆ, ಬೋನಸ್ಸು ಉಳ್ಳವನ ಬಾಕಿ ತೀರುತ್ತದೆ. ಇಲ್ಲದವನ ಬಾಕಿ ಗೌರಿ ಹಬ್ಬ ದಾಟಿದರೂ ತೀರದು. ಕೆಲಸಗಾರನಿಗೆ ತಪ್ಪಿದ ಹಣ ನಿಮ್ಮ ಗಲ್ಲಾಪೆಟ್ಟಿಗೆಗೂ ತಪ್ಪಿದ ಹಣ.

ಅಸ್ಸಾಮಿನಿಂದ ಬಂದ ಕೆಲಸಗಾರರು ನಮ್ಮ ಕೂಲಿ ಕೆಡಿಸಿದರೆಂದು ಕೆಲವರು ದೂರುತ್ತಾರೆ. ಅವರನ್ನು ಪಟ್ಟಿಯ ಹೊರಗಿಟ್ಟು ಅಗ್ಗಕ್ಕೆ ದುಡಿಸುವುದರಿಂದ ಕೂಲಿ ಕೆಡುತ್ತದೆಯೇ ಹೊರತು ಅವರು ಬಂದದ್ದರಿಂದಲ್ಲ. ಅವರ ಹೆಸರೂ ಪಟ್ಟಿಗೆ ಬರಲಿ.

ಹಾಗಾದರೆ ನಾಳೆಯಿಂದ ನಾವು ಮಾಡಬೇಕಾದದ್ದೇನು? ನೇಮಕಾತಿ ಪತ್ರ ಕೇಳುವುದು. ಸಂಬಳದ ಚೀಟಿಯನ್ನು ತಗಡಿನ ಡಬ್ಬಿಯಲ್ಲಾದರೂ ಜೋಪಾನ ಮಾಡುವುದು. ಫಂಡಿನ ನಂಬರನ್ನು ಬರೆದಿಟ್ಟುಕೊಂಡು, ಹಿಡಿದ ಹಣ ನಿಜವಾಗಿ ಜಮಾ ಆಗಿದೆಯೇ ಎಂದು ಮೊಬೈಲಿನಲ್ಲಿ ನೋಡುವುದು; ನೋಡಲು ಬಾರದವರಿಗೆ ಓದಿದ ಮಕ್ಕಳು ನೋಡಿಕೊಡಲಿ. ಆಧಾರಿನಲ್ಲಿರುವ ಹೆಸರೂ ಫಂಡಿನಲ್ಲಿರುವ ಹೆಸರೂ ಒಂದೇ ಇರಬೇಕು. ಅಕ್ಷರ ತಪ್ಪಿದರೆ ಮುಪ್ಪಿನಲ್ಲಿ ಹಣಕ್ಕಾಗಿ ಅಲೆದಾಟ. ವಾರಸುದಾರರ ಹೆಸರನ್ನೂ ಬರೆಸಬೇಕು.

ಒಬ್ಬನೇ ಹೋಗಿ ಕೇಳಿದರೆ “ನಾಳೆ ಬರಬೇಡ” ಎಂದಾರು. ಹತ್ತು ಮಂದಿ ಸೇರಿ ಕೇಳಿದರೆ ರೈಟರು ಲೆಕ್ಕದ ಪುಸ್ತಕ ತೆಗೆಯಲೇಬೇಕಾಗುತ್ತದೆ. ಆದುದರಿಂದ ಬರುವ ಸಂತೆಯ ದಿನ ಎಲ್ಲರೂ ನಿಮ್ಮ ನಿಮ್ಮ ಚೀಟಿಗಳನ್ನು ತನ್ನಿ. ಕೂತು ಒಂದೊಂದನ್ನೇ ಓದಿ ನೋಡೋಣ.